ಕೊನೆಯ ಪ್ರಶ್ನೆಗೆ ಮೈಕು

ಬ್ರಿಸ್ಬೇನಿನ ವಿಶ್ವವಿದ್ಯಾಲಯದಲ್ಲಿ ನಿನ್ನ ಕೆಲಸ ಏನು ಅಂತ ಊರಿನವರು ಕೇಳಿದರೆ, "ಕಾರ್ಯಕ್ರಮ ನೋಡ್ಕೊಳ್ತೀನಿ" ಅಂತೀನಿ. ಪ್ರತಿ ಬುಧವಾರ ನಾಲ್ಕು ಗಂಟೆಗೆ ನಮ್ಮಲ್ಲಿ ಒಂದು ಉಪನ್ಯಾಸ. ವಿದ್ಯಾರ್ಥಿಗಳೂ ಬರುತ್ತಾರೆ, ಹೊರಗಿನವರೂ ಬರುತ್ತಾರೆ. ಕುರ್ಚಿ, ನೀರಿನ ಜಗ್ಗು, ಅತಿಥಿಗೆ ಟ್ಯಾಕ್ಸಿ, ಹೊರಗಿಟ್ಟ ಸ್ಯಾಂಡ್‌ವಿಚ್‌ಗೆ ಉದ್ದ ಕೊಕ್ಕು ಹಾಕಲು ಬರುವ ಐಬಿಸ್ ಹಕ್ಕಿಗಳನ್ನು ಓಡಿಸೋದು, ಎಲ್ಲ ನನ್ನದೇ. ಆದರೆ ನನ್ನ ಅಸಲು ಕೆಲಸ ಶುರುವಾಗೋದು ಭಾಷಣ ಮುಗಿದ ಮೇಲೆ. ಪ್ರಶ್ನೆ ಕೇಳುವವರ ಹತ್ತಿರ ಮೈಕು ಒಯ್ಯುವವಳು ನಾನು.

"ಅಮ್ಮಾ, ಯೂ ಆರ್ ಬೇಸಿಕಲಿ ಎ ಮೈಕ್ ಸ್ಟ್ಯಾಂಡ್ ವಿತ್ ಲೆಗ್ಸ್," ಅಂತಾಳೆ ಇಲ್ಲೇ ಹುಟ್ಟಿದ ನನ್ನ ಮಗಳು.

"ಹೂಂ ಕಣೇ. ಆದ್ರೆ ಯಾರ ಮುಂದೆ ನಿಲ್ಲಬೇಕು ಅಂತ ಸ್ಟ್ಯಾಂಡಿಗೆ ಗೊತ್ತಾಗಲ್ಲ," ಅಂತೀನಿ ನಾನು.

ನನಗೆ ಗೊತ್ತಾಗುತ್ತದೆ. ನಿಜವಾದ ಪ್ರಶ್ನೆ ಇರುವವರು ಕೈ ಎತ್ತುವ ಮೊದಲು ಪೆನ್ನಿನ ಮುಚ್ಚಳ ಹಾಕುತ್ತಾರೆ. ಪ್ರಶ್ನೆ ಇಲ್ಲದೆ ಬರೀ ಮಾತು ಇರುವವರು ಕನ್ನಡಕ ತೆಗೆಯುತ್ತಾರೆ. ಅಂಥವರ ಕೈಗೆ ಮೈಕು ಕೊಡಬಾರದು, ನಾವೇ ಹಿಡಿದುಕೊಂಡು ಬಾಯಿಗೆ ಒಡ್ಡಬೇಕು. ನಮ್ಮ ಮೊದಲ ಸಾಲಿನಲ್ಲಿ ಅಂಥವರು ಒಬ್ಬರು ಕಾಯಂ. ನಿವೃತ್ತ ಸರ್ವೇಯರ್. ವಿಷಯ ಕವಿತೆಯಾಗಲಿ ಕಪ್ಪೆಯಾಗಲಿ, ಅವರದು ಕೊನೆಗೆ ತಾವು ರಸ್ತೆ ಅಳೆದ ಕಥೆಗೇ ಬಂದು ನಿಲ್ಲುತ್ತದೆ.

ಹೋದ ವರ್ಷ ಒಬ್ಬ ಹುಡುಗಿ ಬುಧವಾರ ತಪ್ಪದೆ ಬರುತ್ತಿದ್ದಳು. ಮೈಸೂರಿನವಳು, ನೀರಿನ ವಿಷಯದಲ್ಲಿ ಮಾಸ್ಟರ್ಸ್ ಓದುತ್ತಿದ್ದಳು, ಟೂವಾಂಗ್ ಬಡಾವಣೆಯಲ್ಲಿ ಇನ್ನು ಮೂವರ ಜೊತೆ ಒಂದು ಫ್ಲ್ಯಾಟಿನಲ್ಲಿದ್ದಳು. ನನ್ನ ಬ್ಯಾಡ್ಜಿನ ಹೆಸರು ಓದಿ "ಕನ್ನಡದವರಾ ಆಂಟಿ?" ಅಂತ ಕೇಳಿದ್ದೇ ಪರಿಚಯ. ಅಡಿಲೇಡಿನಲ್ಲಿ ಅಂತರ್ಜಲದ ಬಗ್ಗೆ ಕೆಲಸ ಮಾಡುವ ಒಬ್ಬ ಪ್ರೊಫೆಸರ್ ಇದ್ದಾರೆ. ಅವರ ಕೈಕೆಳಗೇ ಪಿಎಚ್‌ಡಿ ಮಾಡಬೇಕೆಂದು ಅವಳ ಆಸೆ. ಮೂರು ಮೇಲ್ ಕಳಿಸಿದ್ದಳು. ಉತ್ತರ ಇಲ್ಲ. ಅವರೇ ನಮ್ಮಲ್ಲಿಗೆ ಉಪನ್ಯಾಸಕ್ಕೆ ಬರುತ್ತಾರೆ ಅಂತ ಗೊತ್ತಾದಾಗ, ಹಿಂದಿನ ದಿನ ನನ್ನ ಮೇಜಿನ ಹತ್ತಿರ ಬಂದಳು.

"ಆಂಟಿ, ಲೆಕ್ಚರ್ ಆದ್ಮೇಲೆ ಅವರ ಹತ್ರ ಐದು ನಿಮಿಷ ಮಾತಾಡಬಹುದಾ?"

"ಆಗಲ್ಲಮ್ಮ. ಐದೂ ಹತ್ತಕ್ಕೆ ಏರ್‌ಪೋರ್ಟ್ ಟ್ಯಾಕ್ಸಿ ನಾನೇ ಬುಕ್ ಮಾಡಿದೀನಿ. ಪ್ರಶ್ನೋತ್ತರದಲ್ಲಿ ಕೇಳಿಬಿಡು."

"ಎಲ್ಲರ ಮುಂದೇನಾ?" ಅವಳ ಮುಖ ಸಣ್ಣದಾಯಿತು. "ಅವರ ಪೇಪರಿನಲ್ಲಿ ಒಂದು ವಿಷಯ ಬಿಟ್ಟುಹೋಗಿದೆ ಆಂಟಿ. ಅದನ್ನೇ ನಾನು ಕೇಳಬೇಕಾಗಿರೋದು. ತುಂಬಿದ ಸಭೆಯಲ್ಲಿ ಅಷ್ಟು ದೊಡ್ಡವರ ತಪ್ಪು ಹಿಡಿದ ಹಾಗಾಗಲ್ವಾ?"

ನಗು ಬರಲಿಲ್ಲ ನನಗೆ. ನಮ್ಮೂರ ಕಾಲೇಜಿನಲ್ಲಿ ಮೇಷ್ಟ್ರು "ಡೌಟ್ಸ್ ಇದೆಯಾ?" ಅಂದರೆ ಇಡೀ ಕ್ಲಾಸು ನೆಲ ನೋಡುತ್ತಿತ್ತು, ಆಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲು ನಿಲ್ಲುತ್ತಿತ್ತು. ಅದನ್ನು ಮರ್ಯಾದೆ ಅಂದುಕೊಂಡೇ ಬೆಳೆದವರು ನಾವು. ಮೊದಲು ಪರ್ತ್‌ನಲ್ಲಿದ್ದಾಗ ನನ್ನ ಯಜಮಾನರು ಗಣಿಗೆ ಹೋಗುತ್ತಿದ್ದರು, ನಾನು ವೆಲ್ಷ್‌ಪೂಲ್‌ನ ಒಂದು ಗೋದಾಮಿನಲ್ಲಿ ಬಂದ ಸಾಮಾನು ತಾಳೆ ನೋಡುತ್ತಿದ್ದೆ. ಬೆಳಗಿನ ಮೀಟಿಂಗಿನಲ್ಲಿ "ಏನಾದರೂ ಕೇಳೋದಿದೆಯಾ?" ಅಂದಾಗೆಲ್ಲ ಒಂದು ವರ್ಷ ನನ್ನ ಬೂಟು ನೋಡಿಕೊಂಡು ನಿಂತೆ. ಕಡೆಗೆ ಸೂಪರ್‌ವೈಸರ್ ಕರೆದು, "ನಿನಗೆ ಈ ಕೆಲಸ ಇಷ್ಟವಿಲ್ಲ ಅಂದುಕೊಂಡಿದ್ದೇನೆ, ಹೌದಾ?" ಅಂದ. ಅವತ್ತು ಬುದ್ಧಿ ಬಂತು.

ಅವಳಿಗೂ ಅದನ್ನೇ ಹೇಳಿದೆ. "ಹೂಂ ಆಂಟಿ," ಅಂದಳು. ಆ ಹೂಂ ನನಗೆ ಗೊತ್ತು. ಕೇಳಲ್ಲ ಅಂತ ಅರ್ಥ.

ಮಾರನೇ ದಿನ ಸಭಾಂಗಣ ತುಂಬಿತ್ತು. ಅಡಿಲೇಡಿನವರು ಎತ್ತರದ ಆಳು, ಮೆದು ದನಿ. ಬಯಲುನಾಡಿನ ಬಾವಿಗಳಲ್ಲಿ ಉಪ್ಪು ಹೇಗೆ ಏರುತ್ತದೆ ಅಂತ ಪರದೆ ಮೇಲೆ ಗೆರೆ ಎಳೆದು ತೋರಿಸಿದರು. ಹುಡುಗಿ ನಾಲ್ಕನೇ ಸಾಲಿನ ತುದಿಯಲ್ಲಿ. ಪ್ರಶ್ನೆಗಳು ಶುರುವಾದವು. ಒಂದು, ಎರಡು, ಮೂರು. ಇವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕೈ ಮಾತ್ರ ಮೇಲೇಳಲಿಲ್ಲ.

ಐದಕ್ಕೆ ಐದು ನಿಮಿಷ. "ಇನ್ನು ಒಂದೇ ಪ್ರಶ್ನೆಗೆ ಸಮಯವಿದೆ," ಎಂದರು ಸಭೆ ನಡೆಸುತ್ತಿದ್ದ ಪ್ರೊಫೆಸರ್.

ಸರ್ವೇಯರ್ ಕನ್ನಡಕ ತೆಗೆದು ಕೈ ಎತ್ತಿದರು. ನ್ಯಾಯವಾಗಿ ಅವರದೇ ಸರದಿ, ಹತ್ತು ನಿಮಿಷದಿಂದ ಎತ್ತಿ ಇಳಿಸುತ್ತಿದ್ದರು. ಅದೇ ಹೊತ್ತಿಗೆ ನಾಲ್ಕನೇ ಸಾಲಿನಲ್ಲಿ ಇವಳ ಮುಷ್ಟಿ ಮೇಜು ಬಿಟ್ಟು ಕಿವಿಯವರೆಗೆ ಬಂದು ಅಲ್ಲೇ ನಿಂತಿತು. ತಲೆ ಕೆರೆದುಕೊಳ್ಳಲು ಅಂತ ಯಾರಾದರೂ ಅಂದುಕೊಳ್ಳಬಹುದಿತ್ತು.

ನಾನು ಮೊದಲ ಸಾಲು ದಾಟಿ ಮೆಟ್ಟಿಲು ಹತ್ತಿದೆ. ಎಲ್ಲರ ತಲೆ ತಿರುಗಿತು. ಸಭೆಗೆ ಕೇಳಿಸದ ಹಾಗೆ ಮೈಕನ್ನು ಎದೆಗೆ ಒತ್ತಿಕೊಂಡು ಬಗ್ಗಿ, ಕನ್ನಡದಲ್ಲಿ ಮೆತ್ತಗೆ ಕೇಳಿದೆ. "ಇದೆಯೇನಮ್ಮ? ಇಲ್ಲಾಂದ್ರೆ ಹೇಳು, ವಾಪಸ್ ಹೋಗ್ತೀನಿ. ಪಾಪ, ಅವರು ಕಾಯ್ತಿದ್ದಾರೆ."

ಅವಳು ಸರ್ವೇಯರ್ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಇದೆ," ಅಂದಳು.

ಎದ್ದು ನಿಂತಳು. ಇಲ್ಲಿ ಯಾರೂ ನಿಂತು ಕೇಳುವುದಿಲ್ಲ. "ಗುಡ್ ಆಫ್ಟರ್‌ನೂನ್ ಸರ್," ಅಂದಾಗ ಅಲ್ಲಿಲ್ಲಿ ತುಟಿಗಳು ಅರಳಿದವು. ಮೊದಲ ಮಾತು ನಡುಗಿತು, ಎರಡನೆಯದು ನಡುಗಲಿಲ್ಲ. "ನಿಮ್ಮ ಅಳತೆಗಳೆಲ್ಲ ಒಣ ತಿಂಗಳಿನವು. ನಾನು ಬ್ರಿಸ್ಬೇನಿನ ಪಶ್ಚಿಮದ ಹೊಲಗಳಲ್ಲಿ ಅಳೆದ ಬಾವಿಗಳಲ್ಲಿ ಮಳೆ ಬಂದ ಮೇಲೆ ಉಪ್ಪು ಇಳಿಯುವ ಬದಲು ಕೆಲವು ವಾರ ಏರಿತು. ಮಳೆಯ ನಂತರದ ಅಳತೆ ನೀವು ಬೇಕೆಂದೇ ಬಿಟ್ಟಿರಾ, ಅಥವಾ ತೆಗೆದೇ ಇಲ್ಲವಾ?"

ಅವರು ಪರದೆ ಮೇಲಿನ ಚಿತ್ರಗಳನ್ನು ಹಿಂದಕ್ಕೆ ಸರಿಸಿ ಆ ಗೆರೆಯನ್ನೇ ನೋಡಿದರು. "ತೆಗೆದಿಲ್ಲ," ಎಂದರು. "ಮಳೆ ಬಿದ್ದರೆ ಆ ದಾರಿಯಲ್ಲಿ ನಮ್ಮ ಗಾಡಿ ಹೋಗುವುದಿಲ್ಲ. ನೀನು ಹೇಗೆ ಹೋದೆ?"

"ನಡ್ಕೊಂಡು ಹೋದೆ ಸರ್."

ಸಭೆ ಗೊಳ್ಳೆಂದಿತು. ಅವರು ನಗಲಿಲ್ಲ. "ಎಷ್ಟು ಬಾವಿ?"

"ಹನ್ನೊಂದು."

ಚಪ್ಪಾಳೆ ಮುಗಿಯುವ ಮುಂಚೆಯೇ ವೇದಿಕೆ ಇಳಿದು ಸೀದಾ ನಾಲ್ಕನೇ ಸಾಲಿಗೆ ಬಂದರು. ಟ್ಯಾಕ್ಸಿಯವರೆಗೆ ಜೊತೆಗೆ ಬಾ ಎಂದು ಅವಳನ್ನು ಕರೆದುಕೊಂಡು ಹೋದರು. ನಾನು ಹಿಂದೆಯೇ ಹೋಗಿ ಡ್ರೈವರಿಗೆ ಐದು ಬೆರಳು ತೋರಿಸಿದೆ. ಅವನು ಇಂಜಿನ್ ಆರಿಸಿದ. ಕಾರಿನ ಬಾಗಿಲು ತೆರೆದೇ ಇತ್ತು, ಅವಳ ನೋಟ್‌ಬುಕ್ಕು ಕಾರಿನ ಮೇಲೆ ಹರಡಿತ್ತು.

ವಾಪಸ್ ಬಂದರೆ ಸರ್ವೇಯರ್ ಸ್ಯಾಂಡ್‌ವಿಚ್ ತಟ್ಟೆಯ ಹತ್ತಿರ ಕಾಯುತ್ತಿದ್ದರು.

"ನನ್ನ ಕೈ ನಿಮಗೆ ಕಾಣಲಿಲ್ಲವೇ?"

"ಕಾಣಿಸ್ತು," ಎಂದೆ. "ನೀವು ಮುಂದಿನ ಬುಧವಾರವೂ ಬರ್ತೀರಿ. ಅಡಿಲೇಡಿನವರು ಬರಲ್ಲ. ಅದಕ್ಕೇ ಅವಳಿಗೆ ಕೊಟ್ಟೆ."

ಒಂದು ಸ್ಯಾಂಡ್‌ವಿಚ್ ಎತ್ತಿಕೊಂಡರು. "ಒಳ್ಳೆಯ ಪ್ರಶ್ನೆ," ಎಂದರು. "ನನ್ನದು ಇನ್ನೂ ಚೆನ್ನಾಗಿತ್ತು."

ಮುಂದಿನ ಬುಧವಾರ ಮೊದಲ ಮೈಕು ಅವರಿಗೇ ಕೊಟ್ಟೆ. ರಸ್ತೆ ಅಳೆದರು.

ಹುಡುಗಿ ಅರ್ಜಿ ಹಾಕಿದಳು, ಇಂಟರ್‌ವ್ಯೂ ಆಯಿತು, ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ. ಒಂದು ಬೆಳಗ್ಗೆ ವಿದ್ಯಾರ್ಥಿಗಳ ಪೋಸ್ಟರ್ ಪ್ರದರ್ಶನಕ್ಕೆ ನಾನೊಬ್ಬಳೇ ಬೋರ್ಡು ನಿಲ್ಲಿಸುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಫೋನು, ಕಣ್ಣು ತುಂಬಿತ್ತು.

"ಸಿಕ್ಕಿತು ಆಂಟಿ. ಫೆಬ್ರವರಿಗೆ ಅಡಿಲೇಡ್. ಸ್ಕಾಲರ್‌ಶಿಪ್ ಕೂಡ. ಅಲ್ಲೇ ಕಿಲ್ಬರ್ನ್‌ನಲ್ಲಿ ಒಂದು ರೂಮೂ ನೋಡಿದೀನಿ."

"ಅಮ್ಮನಿಗೆ ಹೇಳಿದೆಯಾ?"

"ಇಲ್ಲ. ಮೈಸೂರಿನಲ್ಲಿ ಇನ್ನೂ ಬೆಳಗಾಗಿಲ್ಲ."

"ಸರಿ, ಬೆಳಗಾಗಲಿ," ಎಂದೆ. "ಅಲ್ಲೀವರೆಗೆ ಬಾ, ಈ ಬೋರ್ಡಿನ ಆ ತುದಿ ಹಿಡಿ."