ಲಾಗ್ ಬುಕ್ಕಿನಲ್ಲಿ ಇಲ್ಲದ ಚೌಡಯ್ಯ

ಚೌಡಯ್ಯನವರ ಮುಖವನ್ನು ನಾನು ಮೊದಲ ಸಲ ನೋಡಿದ್ದು ಅವರ ದನಿ ಪರಿಚಯವಾಗಿ ಇಪ್ಪತ್ತಮೂರು ವರ್ಷ ಕಳೆದ ಮೇಲೆ. ಅಷ್ಟು ವರ್ಷವೂ ನಾವಿಬ್ಬರು ದಿನಕ್ಕೆ ನಾಲ್ಕೈದು ಸಲ ಫೋನಿನಲ್ಲಿ ಮಾತನಾಡುತ್ತಿದ್ದೆವು. ಆಡುತ್ತಿದ್ದುದು ಮಾತ್ರ ಎರಡೇ ಮಾತು. "ಫರ್ನೇಸ್ ತಗೋತೀನಿ, ಕೊಡ್ತೀರಾ?" ಎಂದು ಅವರು ಕೇಳುವರು. "ತಗೊಳ್ಳಿ" ಎಂದೋ "ಹತ್ತು ನಿಮಿಷ ತಡೀರಿ" ಎಂದೋ ನಾನು ಹೇಳುವೆ. ಆಮೇಲೆ ಅದನ್ನು ಗಂಟೆ ನಿಮಿಷದ ಸಮೇತ ಲಾಗ್ ಬುಕ್ಕಿನಲ್ಲಿ ಬರೆದುಕೊಳ್ಳುವೆ.

ನಾನು ಯೋಗರಾಜ್, ಭದ್ರಾವತಿಯ ಹೊರಗಿನ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವನು. ಆಪರೇಟರ್ ಎಂದರೆ ಭಾರಿ ಕೆಲಸವೇನೂ ಅಲ್ಲ. ಗಂಟೆಗೊಮ್ಮೆ ಮೀಟರು ನೋಡಿ ಬರೆಯುವುದು, ಟ್ರಿಪ್ಪಾದ, ಅಂದರೆ ಭಾರ ತಡೆಯದೆ ತಾನಾಗಿ ಬಂದ್ ಆದ, ಲೈನನ್ನು ಮತ್ತೆ ಚಾಲೂ ಮಾಡುವುದು, ಉಳಿದ ಹೊತ್ತು ಜನರಿಂದ ಬೈಸಿಕೊಳ್ಳುವುದು. ಕರೆಂಟು ಇದ್ದಾಗ ನಾವು ಯಾರಿಗೂ ನೆನಪಾಗುವುದಿಲ್ಲ. ಹೋದ ಮರುಗಳಿಗೆ ನಮ್ಮ ಅಪ್ಪ ಅಜ್ಜಂದಿರೂ ನೆನಪಾಗುತ್ತಾರೆ.

ಚೌಡಯ್ಯ ಒಂದು ಎರಕದ ಕಾರ್ಖಾನೆಯಲ್ಲಿ ಸ್ವಿಚ್ಚುಗಳಿರುವ ಪ್ಯಾನೆಲ್ ಕ್ಯಾಬಿನ್ನಿನಲ್ಲಿ ಕೂತವರು. ಊರಿನ ಹೆಸರುವಾಸಿ ದೊಡ್ಡ ಕಾರ್ಖಾನೆಯಲ್ಲ, ಅದರ ಬೆನ್ನಿಗೆ ಹುಟ್ಟಿಕೊಂಡ ಹತ್ತಾರು ಸಣ್ಣವುಗಳಲ್ಲಿ ಒಂದು. ಅಲ್ಲಿನ ಕುಲುಮೆ, ಅಂದರೆ ಆ ಫರ್ನೇಸ್, ಒಮ್ಮೆಗೇ ಎಳೆಯುತ್ತಿದ್ದ ಕರೆಂಟಿಗೆ ನಮ್ಮ ಕೇಂದ್ರದ ಮೀಟರ್ ಮುಳ್ಳೆಲ್ಲ ಅಲ್ಲಾಡುತ್ತಿತ್ತು. ಅದಕ್ಕೇ ಈ ಕೇಳುವ ಪದ್ಧತಿ. ಬೇರೆ ಕಾರ್ಖಾನೆಯವರು ಆನ್ ಮಾಡಿಯಾದ ಮೇಲೆ ಫೋನ್ ಮಾಡಿ "ತಗೊಂಡ್ವಿ" ಎನ್ನುತ್ತಿದ್ದರು. ಚೌಡಯ್ಯ ಮಾತ್ರ ಕೇಳದೆ ಒಂದು ದಿನವೂ ಸ್ವಿಚ್ ಮುಟ್ಟಲಿಲ್ಲ. ಏಳು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿದಾಗ ಅವರು ಫೋನ್ ಮಾಡದೆ ಸೈಕಲ್ ತುಳಿದುಕೊಂಡು ನಮ್ಮ ಕೇಂದ್ರಕ್ಕೇ ಬಂದರು. ತೆಳ್ಳಗೆ, ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಗೆ ಇದ್ದರು. ಇನ್ನು ಕೇಳೋದಕ್ಕೆ ಏನೂ ಇಲ್ಲ, ಒಂದ್ಸಲ ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ ಎಂದರು. ಹೋಗುವಾಗ ಗೇಟಿನ ಹತ್ತಿರ ನಿಂತು ಒಂದು ಮಾತು ಹೇಳಿದರು.

"ಇಪ್ಪತ್ತೆಂಟು ವರ್ಷ ಆಯ್ತು ಮಾರಾಯ್ರೆ. ನನ್ನ ಕೈಯಿಂದ ಒಂದೇ ಒಂದು ಟ್ರಿಪ್ ಆಗಿಲ್ಲ. ನಿಮ್ಮ ಬುಕ್ಕು ತೆಗೆದು ನೋಡಿ."

ನಾನು ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಆ ಮನುಷ್ಯನಿಗೆ ಮನೆ ಮಠ ಆಸ್ತಿ ಎಂದು ಇದ್ದುದು ಬಾಡಿಗೆಯ ಎರಡು ಕೋಣೆ, ಹೆಂಡತಿ ಶೇಷಮ್ಮ, ಮತ್ತೆ ಈ ಒಂದು ಮಾತು.

ಆಮೇಲಿನ ಆರು ವರ್ಷ ಅವರು ಏನೇನೋ ಮಾಡಿದರು. ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಕಾವಲು ನಿಂತರು. ಬಟ್ಟೆ ಅಂಗಡಿಯ ಗೋದಾಮಿನಲ್ಲಿ ಬಂಡಲು ಎಣಿಸಿದರು. ತ್ಯಾವರೆಕೊಪ್ಪದ ಸಫಾರಿಯ ಹೊರಗೆ ಸೀಟಿ ಊದಿ ಗಾಡಿ ನಿಲ್ಲಿಸಿದರು. ಒಳಗಿನ ಹುಲಿಗೂ ಪರ್ಮನೆಂಟ್ ಕೆಲಸ ಇದೆ, ಹೊರಗಿನ ಇವರಿಗೆ ಇಲ್ಲ ಎಂದು ಶೇಷಮ್ಮ ತಮಾಷೆ ಮಾಡುತ್ತಿದ್ದರಂತೆ. ಆಕೆಯ ಬಾಯಿ ಜೋರು, ಗಂಡನ ಮೇಲಿನ ಅಭಿಮಾನ ಅದಕ್ಕಿಂತ ಜೋರು.

ಹೋದ ವರ್ಷ ಮಾರ್ಚಿನಲ್ಲಿ, ಆರು ವರ್ಷದಿಂದ ಮಾತಾಡದ ಆ ದನಿ ಮತ್ತೆ ಫೋನಿನಲ್ಲಿ ಕೇಳಿತು. "ಲೋಡ್ ತಗೋತೀನಿ, ಕೊಡ್ತೀರಾ?"

ಯಾವ ಲೋಡು ಎಂದು ಕೇಳಿದೆ. ಆಮೇಲೆ ಎಲ್ಲ ವಿಷಯ ಹೊರಬಂತು. ಅದೇ ಕಾರ್ಖಾನೆಯ ಶೆಡ್ಡನ್ನು ಶಿವಮೊಗ್ಗದ ಶಿವರಾಜ್ ಎಂಬ ಯುವಕ ಬಾಡಿಗೆಗೆ ಹಿಡಿದಿದ್ದ. ತಂದೆಯದು ಒಳ್ಳೆ ವ್ಯಾಪಾರ, ಇವನಿಗೆ ಕಂಪ್ಯೂಟರಿನ ಹುಚ್ಚು. ಶೆಡ್ಡಿನಲ್ಲಿ ಎಂಟು ಸಾಲಾಗಿ ನಾನೂರು ಮಿಷನ್ನು ಕೂರಿಸಿದ್ದ. ಒಂದೊಂದೂ ಮೂರು ಇಸ್ತ್ರಿಪೆಟ್ಟಿಗೆಯಷ್ಟು ಕರೆಂಟು ಎಳೆಯುತ್ತದೆ. ಬಿಟ್‌ಕಾಯಿನ್ ಎಂಬ ಕೈಗೆ ಸಿಗದ ನಾಣ್ಯಕ್ಕಾಗಿ ಜಗತ್ತಿನ ಇಂಥ ಮಿಷನ್ನುಗಳೆಲ್ಲ ಪೈಪೋಟಿಗೆ ಬಿದ್ದು ಒಂದು ಸಂಖ್ಯೆಯನ್ನು ಊಹಿಸುತ್ತಿರುತ್ತವಂತೆ. ಮೊದಲು ಸರಿಯಾಗಿ ಊಹಿಸಿದವನಿಗೆ ನಾಣ್ಯ. ಹತ್ತು ನಿಮಿಷಕ್ಕೊಮ್ಮೆ ಮತ್ತೆ ಹೊಸದಾಗಿ ಶುರು. ಫರ್ನೇಸಾದರೆ ಕರೆಂಟು ತಿಂದು ಕಬ್ಬಿಣ ಕೊಡುತ್ತಿತ್ತು, ಇದು ತಿಂದು ಬಿಸಿಗಾಳಿ ಬಿಡುತ್ತದೆ ಎಂದು ಚೌಡಯ್ಯ ನಕ್ಕರು. ಹಳೆಯ ವೈರಿಂಗ್ ಗೊತ್ತಿದ್ದವರು ಅವರೊಬ್ಬರೇ ಆದ್ದರಿಂದ ಶಿವರಾಜ್ ಹುಡುಕಿಕೊಂಡು ಬಂದು ಅದೇ ಕ್ಯಾಬಿನ್ನಿನ ಅದೇ ಕುರ್ಚಿಯಲ್ಲಿ ಕೂರಿಸಿದ್ದ. ಕುರ್ಚಿಯ ಒಂದು ಕೈ ಮುರಿದಿದೆ, ಬೇರೆಲ್ಲ ಹಾಗೇ ಇದೆ ಎಂದು ಅವರು ಹೇಳುವಾಗ ದನಿಯಲ್ಲಿದ್ದ ಖುಷಿ ನನಗೆ ಇನ್ನೂ ಕೇಳಿಸುತ್ತದೆ.

ತೊಂದರೆ ಇದ್ದುದು ಬೇರೆ ಕಡೆ. ಕಾರ್ಖಾನೆ ಮುಚ್ಚಿದ ಮೇಲೆ ಆ ಲೈನು ಖಾಲಿ ಬಿದ್ದಿದೆಯಲ್ಲ ಎಂದು ಎರಡು ಬಡಾವಣೆಗಳನ್ನೂ ಕುಡಿಯುವ ನೀರಿನ ಪಂಪನ್ನೂ ಅದಕ್ಕೇ ಸೇರಿಸಿದ್ದೆವು. ಶೆಡ್ಡಿಗೆ ಮಂಜೂರಾಗಿದ್ದ ಲೋಡಿನ ಎರಡರಷ್ಟನ್ನು ಶಿವರಾಜ್ ಎಳೆಯುತ್ತಿದ್ದ, ಬಿಲ್ಲಿನಲ್ಲಿ ಬಂದ ದಂಡವನ್ನು ಚಕಾರವೆತ್ತದೆ ಕಟ್ಟುತ್ತಿದ್ದ. ದುಡ್ಡು ಬಂದರೆ ಸಾಕೆಂದು ಬಿಲ್ಲಿನವರೂ ಮುಂದೆ ಕೆದಕುತ್ತಿರಲಿಲ್ಲ. ಹಗಲು ಹೇಗೋ ನಡೆಯುತ್ತಿತ್ತು. ಸಂಜೆ ಆರೂವರೆಗೆ ಮನೆಗಳ ದೀಪ, ಫ್ಯಾನು, ಪಂಪು ಎಲ್ಲ ಒಟ್ಟಿಗೆ ಶುರುವಾದಾಗ ಲೈನು ತಡೆಯುತ್ತಿರಲಿಲ್ಲ. ಮಾರ್ಚಿನ ಕೊನೆಯ ವಾರವೊಂದರಲ್ಲೇ ಒಂಬತ್ತು ಸಲ ಟ್ರಿಪ್ಪಾಯಿತು. ಪಂಪು ನಿಂತು ಚೌಡಯ್ಯನವರ ಬೀದಿಗೇ ನೀರಿಲ್ಲ. ಶೇಷಮ್ಮ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕರೆಂಟಿನವರಿಗೆ, ಅಂದರೆ ನನಗೆ, ಹಿಡಿಶಾಪ ಹಾಕುತ್ತಿದ್ದರು. ಗಂಡ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದರು, ಏಕೆಂದರೆ ಕಾರಣ ಅವರಿಗೆ ಗೊತ್ತಿತ್ತು.

ಏಪ್ರಿಲ್ ಒಂದಕ್ಕೆ ಅವರೇ ಫೋನ್ ಮಾಡಿ ಒಂದು ಉಪಾಯ ಹೇಳಿದರು. ಫರ್ನೇಸನ್ನು ಅರ್ಧದಲ್ಲಿ ನಿಲ್ಲಿಸಿದರೆ ಕರಗಿದ ಕಬ್ಬಿಣ ಒಳಗೇ ಗಟ್ಟಿಯಾಗಿ ಎಲ್ಲ ಹಾಳು. ಈ ಮಿಷನ್ನಿಗೆ ಆ ಕಷ್ಟವಿಲ್ಲ, ಯಾವಾಗ ನಿಲ್ಲಿಸಿದರೂ ಯಾವಾಗ ಶುರುಮಾಡಿದರೂ ನಡೆಯುತ್ತದೆ. ಸಂಜೆ ನೀವು ಹೇಳಿದ ಹೊತ್ತಿಗೆ ನಾಲ್ಕು ಸಾಲು ಇಳಿಸುತ್ತೇನೆ, ಒಂಬತ್ತರ ಮೇಲೆ ಒಂದೊಂದೇ ಸಾಲು ಏರಿಸುತ್ತೇನೆ ಎಂದರು. ಎಲ್ಲರಿಗೂ ಬೇಕಾದಾಗ ಬಿಟ್ಟುಕೊಟ್ಟು, ಯಾರಿಗೂ ಬೇಡವಾದಾಗ ತೆಗೆದುಕೊಳ್ಳುವ ಗ್ರಾಹಕನನ್ನು ನನ್ನ ಮೂವತ್ತೊಂದು ವರ್ಷದಲ್ಲಿ ನಾನು ಕಂಡಿರಲಿಲ್ಲ. ಆಗಲಿ ಎಂದೆ.

ಹೇಳಿ ಲಾಗ್ ಬುಕ್ಕು ತೆರೆದೆ, ಪೆನ್ನು ಕೈಯಲ್ಲಿ ಹಿಡಿದೆ. ಆಗ ನನಗೆ ಬುದ್ಧಿ ಕೆಟ್ಟಿತು. ಬರೆದರೆ ಆ ಪುಟವನ್ನು ಮೇಲಿನವರು ಓದುತ್ತಾರೆ, ಇಷ್ಟು ಲೋಡು ಹೇಗೆ ಬಂತು ಎಂದು ಶೆಡ್ಡಿಗೆ ನೋಟಿಸು ಹೋಗುತ್ತದೆ, ಕನೆಕ್ಷನ್ ಕೀಳುತ್ತಾರೆ, ಕೈ ಮುರಿದ ಕುರ್ಚಿಯಿಂದ ಚೌಡಯ್ಯ ಮತ್ತೆ ಎದ್ದು ಹುಲಿಯ ಗೇಟಿಗೆ ಹೋಗಬೇಕಾಗುತ್ತದೆ. ಪೆನ್ನು ಮುಚ್ಚಿಟ್ಟೆ. ಒಬ್ಬರಿಗೆ ಉಪಕಾರ ಮಾಡಿದೆ ಎಂದುಕೊಂಡು ಹಾಯಾಗಿ ಟೀ ಕುಡಿದೆ.

ವಯಸ್ಸಾದವನೆಂದು ಸಂಜೆಯ ಪಾಳಿಯನ್ನು ನನಗೇ ಬಿಟ್ಟಿದ್ದರು. ನಲವತ್ತೊಂದು ದಿನ ಹೀಗೆ ನಡೆಯಿತು. ಆರೂವರೆಗೆ ಫೋನ್, ಒಂಬತ್ತಕ್ಕೆ ಫೋನ್. ಒಂದು ಸಲವೂ ಟ್ರಿಪ್ಪಾಗಲಿಲ್ಲ, ನೀರೂ ನಿಲ್ಲಲಿಲ್ಲ. ಈ ಸಲ ಬೇಸಿಗೆ ಚೆನ್ನಾಗಿ ನಿಭಾಯಿಸಿದಿರಿ ಎಂದು ನಮ್ಮ ಎಂಜಿನಿಯರ್ ಸುಪ್ರಿಯಾ ಮೇಡಂ ನನ್ನನ್ನು ಹೊಗಳಿದರು. ನಾನು ಹಲ್ಲು ಕಿರಿದು ನಿಂತೆ.

ಶಿವರಾಜ್ ಶಿವಮೊಗ್ಗದಲ್ಲಿ ಕೂತು ಮೊಬೈಲಿನಲ್ಲಿ ಮಿಷನ್ನುಗಳ ಲೆಕ್ಕ ನೋಡುತ್ತಿದ್ದವನು, ಸಂಜೆ ಅರ್ಧ ಮಿಷನ್ನು ನಿಲ್ಲುವುದು ಅವನಿಗೆ ಕಂಡಿತು. ಮೊದಮೊದಲು ವೋಲ್ಟೇಜ್ ತೊಂದರೆ ಎಂದು ಚೌಡಯ್ಯ ತಳ್ಳಿಹಾಕಿದರು. ಕೊನೆಗೆ ಅವನು ಬಂದು, ಬೈಯದೆ, ಮರ್ಯಾದೆಯಿಂದಲೇ, ಹೊಸದೊಂದು ಪೆಟ್ಟಿಗೆ ಹಾಕಿಸಿದ. ಕರೆಂಟು ಬಂದರೆ ಸಾಕು, ಎಂಟೂ ಸಾಲು ತಾವಾಗಿ ಶುರುವಾಗುತ್ತವೆ. ಸ್ವಿಚ್ಚುಗಳಿಗೆ ಬೀಗ ಬಿತ್ತು. ಚೌಡಯ್ಯ ಇನ್ನು ಕೂತು ನೋಡಿಕೊಂಡಿದ್ದರೆ ಸಾಕು ಎಂದ.

"ನನ್ನ ಕೈಲಿ ಈಗ ಏನೂ ಇಲ್ಲ. ನಿಮ್ಮವರಿಗೆ ಹೇಳಿಬಿಡಿ, ನನ್ನ ಕೆಲಸ ಹೋದ್ರೆ ಹೋಗ್ಲಿ" ಎಂದು ಅವರು ಅವತ್ತೇ ಫೋನ್ ಮಾಡಿದರು. ಮೇಲಿನವರಿಗೆ ಹೇಳಬೇಕಾದರೆ ನಾನು ಇಷ್ಟು ದಿನ ಬರೆಯದಿದ್ದುದನ್ನೂ ಹೇಳಬೇಕು. ನೋಡೋಣ, ಎರಡು ದಿನ ತಡೀರಿ ಎಂದೆ.

ಮೊದಲ ಸಂಜೆ ಹೇಗೋ ದಾಟಿತು. ಎರಡನೆಯ ದಿನ ಸಂಜೆ ಗಾಳಿಗೆ ಮರದ ಕೊಂಬೆ ಬಿದ್ದು ಲೈನು ಹೋಯಿತು. ಕೊಂಬೆ ತೆಗೆಸಿ ಏಳೂ ಕಾಲಿಗೆ ನಾನೇ ಲೈನಿಗೆ ಮತ್ತೆ ಕರೆಂಟು ಬಿಟ್ಟೆ. ನಾನೂರು ಮಿಷನ್ನು, ಎರಡು ಬಡಾವಣೆ, ಪಂಪು ಎಲ್ಲ ಒಮ್ಮೆಗೇ ಮೇಲೆ ಬಿದ್ದವು. ನೆಲದಡಿಯ ಕೇಬಲ್ಲಿನ ಜಾಯಿಂಟ್ ಸುಟ್ಟುಹೋಯಿತು, ಪಂಪಿನ ಮೋಟಾರೂ ಸುಟ್ಟಿತು. ಮೂರು ದಿನ ಕರೆಂಟಿಲ್ಲ, ಐದು ದಿನ ನೀರಿಲ್ಲ. ಟ್ಯಾಂಕರಿನ ಮುಂದೆ ಕೊಡಗಳು ಕಾದವು.

ವಿಚಾರಣೆ ನಮ್ಮ ಕೇಂದ್ರದಲ್ಲೇ ನಡೆಯಿತು. ಶಿವರಾಜ್ ಬಂದು, ತನ್ನ ಆಪರೇಟರ್ ಮೈಮರೆತು ಎಲ್ಲ ಸಾಲುಗಳನ್ನೂ ಒಟ್ಟಿಗೆ ಹಾಕಿದ್ದಾನೆ, ತಾನು ಊರಲ್ಲಿರಲಿಲ್ಲ ಎಂದ. ತಾನಾಗಿ ಶುರುವಾಗುವ ಪೆಟ್ಟಿಗೆಯನ್ನು ಅಷ್ಟರಲ್ಲಿ ಬಿಚ್ಚಿಸಿದ್ದ. ಸುಪ್ರಿಯಾ ಮೇಡಂ ಜಾಣೆ. ಗಂಟೆಗೊಮ್ಮೆ ನಾನು ಬರೆದಿದ್ದ ಲೋಡಿನ ಅಂಕಿಗಳ ಮೇಲೆ ಬೆರಳಿಟ್ಟು, ನಲವತ್ತು ದಿನ ಸಂಜೆ ಮಾತ್ರ ಲೋಡು ಇಳಿದಿದೆಯಲ್ಲ, ಯಾರು ಇಳಿಸುತ್ತಿದ್ದರು ಎಂದು ಮೊದಲು ನನ್ನನ್ನು ಕೇಳಿದರು. ಗೊತ್ತಿಲ್ಲ ಮೇಡಂ ಎಂದೆ. ಆಗ ನನ್ನ ನಿವೃತ್ತಿಗೆ ಎಂಟು ತಿಂಗಳಿತ್ತು. ಬರೆಯದೆ ಖಾಸಗಿ ಒಪ್ಪಂದ ಮಾಡಿಕೊಂಡ ಆಪರೇಟರಿಗೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು, ಚೌಡಯ್ಯನವರಿಗೂ ಗೊತ್ತಿತ್ತು.

ಮೇಡಂ ಅವರತ್ತ ತಿರುಗಿದರು. "ನೀವೇನಾದ್ರೂ ಸ್ಟೇಷನ್ನಿಗೆ ಫೋನ್ ಮಾಡಿ ಲೋಡ್ ಇಳಿಸ್ತಿದ್ರಾ? ಹೌದು ಅಂದ್ರೆ ಈ ಕೇಸೇ ಬೇರೆ ಆಗತ್ತೆ."

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಫೋನಿನ ಆ ತುದಿಯಲ್ಲಿ ನನ್ನ ಉತ್ತರಕ್ಕೆ ಕಾಯುವಾಗ ಹೀಗೇ ನೋಡುತ್ತಿದ್ದರೇನೋ. ನಾನು ತಲೆ ತಗ್ಗಿಸಿದೆ.

"ಇಲ್ಲ ಮೇಡಂ" ಎಂದರು ಚೌಡಯ್ಯ. "ನಾನು ಯಾರಿಗೂ ಫೋನ್ ಮಾಡಿಲ್ಲ."

ಪೆಟ್ಟಿಗೆಯ ಮಾತೆತ್ತಿದರೆ ಅದನ್ನು ಏಕೆ ಹಾಕಿಸಿದರು ಎಂಬ ಪ್ರಶ್ನೆ ನನ್ನವರೆಗೂ ಬರುತ್ತಿತ್ತು, ಅದನ್ನೂ ಅವರು ಎತ್ತಲಿಲ್ಲ. ಶೆಡ್ಡಿನ ಆಪರೇಟರನ ಅಜಾಗರೂಕತೆ ಎಂದು ವರದಿಯಾಯಿತು. ಶಿವರಾಜ್ ದಂಡ ಕಟ್ಟಿ, ಮಿಷನ್ನುಗಳನ್ನು ಲಾರಿಗೆ ಹೇರಿಕೊಂಡು ಕುಂಸಿಯ ಕಡೆಗೆ ಹೋದ ಎಂದು ಕೇಳಿದೆ. ಚೌಡಯ್ಯ ಮನೆಯಲ್ಲಿ ಕೂತರು. ಐದು ದಿನ ನೀರು ತಪ್ಪಿಸಿದ ಮನುಷ್ಯ ಎಂದು ಬೀದಿಯಲ್ಲಿ ಹೆಸರಾಯಿತು.

ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಹೋಗದೆ ಇರಲಾಗಲಿಲ್ಲ, ಹೋಗಿಯೂ ಏನೂ ಆಗಲಿಲ್ಲ. ಶೇಷಮ್ಮ ಕಾಫಿ ಕೊಟ್ಟು ಎದುರಿಗೆ ಕೂತರು. ಅವರ ಜೋರು ಬಾಯಿ ಎಲ್ಲಿ ಹೋಗಿತ್ತೋ.

"ನೀವು ಇವ್ರನ್ನ ಇಷ್ಟು ವರ್ಷದಿಂದ ಬಲ್ಲೋರು. ನೀವೇ ಹೇಳಿ ಅಣ್ಣ, ಇವ್ರು ಹಂಗೆ ಹೇಳದೆ ಕೇಳದೆ ಸ್ವಿಚ್ ಹಾಕೋರಾ?"

ಚೌಡಯ್ಯ ಹೆಂಡತಿಗೂ ನಿಜ ಹೇಳಿರಲಿಲ್ಲ. ಹೇಳಿದ್ದರೆ ಆಕೆ ಅದನ್ನು ನಲ್ಲಿಯ ಮುಂದೆ ನಿಂತು ಊರಿಗೆಲ್ಲ ಸಾರುತ್ತಿದ್ದರು, ಅದು ಅವರಿಗೆ ಗೊತ್ತು. ನಾನು ಕಾಫಿ ಲೋಟ ನೋಡುತ್ತಾ "ವಯಸ್ಸಾಯ್ತಲ್ಲಮ್ಮ" ಎಂದೆ. ಬದುಕಿನಲ್ಲಿ ನಾನಾಡಿದ ಅತ್ಯಂತ ನೀಚ ಮಾತು ಅದು. ಶೇಷಮ್ಮ ಗಂಡನ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಚೌಡಯ್ಯ ಬೀದಿಯ ತುದಿಯವರೆಗೆ ನನ್ನನ್ನು ಕಳಿಸಲು ಬಂದು, ಪೆನ್ಶನ್ ಕಾಗದವೆಲ್ಲ ಸರಿಯಿದೆಯಾ ಎಂದು ವಿಚಾರಿಸಿದರು.

ಪೆನ್ಶನ್ ಬರುತ್ತಿದೆ. ನಾನು ನಿವೃತ್ತನಾಗಿ ಮೂರು ತಿಂಗಳಾಯಿತು. ನೆಮ್ಮದಿ ಮಾತ್ರ ಇಲ್ಲ. ಸಂಜೆ ಆರೂವರೆಗೆ ಯಾರ ಮನೆಯ ಫೋನು ಬಡಿದುಕೊಂಡರೂ ಎದ್ದು ಕೂರುತ್ತೇನೆ. ಆಗ ಬರೆಯಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ, ನಮ್ಮ ಲಾಗ್ ಬುಕ್ಕಿನಲ್ಲಿ ಬರೆಯುವ ಹಾಗೇ.

ಏಪ್ರಿಲ್ ಒಂದು, ಸಂಜೆ ಆರೂವರೆ. ಶೆಡ್ಡಿನಿಂದ ಚೌಡಯ್ಯನವರ ಕರೆ. ನಾಲ್ಕು ಸಾಲು ಇಳಿಸಿದ್ದಾರೆ. ರಾತ್ರಿ ಒಂಬತ್ತು ಗಂಟೆ, ಕೇಳಿ ಒಂದೊಂದಾಗಿ ಏರಿಸಿದ್ದಾರೆ. ಮುಂದಿನ ನಲವತ್ತು ದಿನವೂ ಇದೇ ಪ್ರಕಾರ. ಅವರ ಕೈಯಿಂದ ಒಂದೂ ಟ್ರಿಪ್ ಇಲ್ಲ. ಸಹಿ, ಯೋಗರಾಜ್.

ಒಂದು ಪ್ರತಿ ಸುಪ್ರಿಯಾ ಮೇಡಂ ಅವರಿಗೆ ಅಂಚೆಯಲ್ಲಿ ಹೋಗುತ್ತದೆ. ಅದಕ್ಕೆ ಮೊದಲು ಇದನ್ನು ಶೇಷಮ್ಮನವರ ಎದುರು ಕೂತು ಓದಿ ಹೇಳಬೇಕು. ನಾಳೆ ಬೆಳಿಗ್ಗೆ ಹೋಗುತ್ತೇನೆ ಎಂದು ನಾಲ್ಕು ದಿನದಿಂದ ಅಂದುಕೊಳ್ಳುತ್ತಿದ್ದೇನೆ.