ಪಿ.ಟಿ. ಮೇಡಂ ಮನೆಯ ಮರದ ಜಗಲಿ

ಅವರ ಉಗುರಿನ ಅಂಚಿನಲ್ಲಿ, ಮರಕ್ಕೆ ಹಚ್ಚುವ ಅಗಸೆ ಎಣ್ಣೆಯ ಹಳದಿ ಯಾವಾಗಲೂ ಇರುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸಿ ನಿವೃತ್ತರಾದ ಅವರು ಬೇಲೂರಿನ ನಮ್ಮ ಬೀದಿಗೆಲ್ಲ ಪಿ.ಟಿ. ಮೇಡಂ. ನಮಗೆ ಪಕ್ಕದ ಮನೆಯವರು.

ಇಳಿಜಾರಾಗಿದ್ದ ಹಿತ್ತಲಲ್ಲಿ ಕಂಬ ನಿಲ್ಲಿಸಿ, ಹಲಗೆ ಹಾಸಿ, ಸುತ್ತ ಕಟಕಟೆ ಕಟ್ಟಿಸಿದ್ದರು. ಅವರಿಗೆ ಅದು ‘ಡೆಕ್ಕು’, ನಮ್ಮಮ್ಮನಿಗೆ ಮರದ ಜಗಲಿ. ಬಯಲಲ್ಲಿ ಮರ ಹಾಸಿದರೆ ಮಳೆ, ಮಂಜಿಗೆ ತಡೆಯುವುದಿಲ್ಲ, ಸಿಮೆಂಟು ಹಾಕಿಸಿ ಎಂದು ಬೀದಿಯೆಲ್ಲ ಹೇಳಿತ್ತು. ಮೇಡಂ ಅದನ್ನು ಪಂದ್ಯವೆಂದೇ ತಿಳಿದರು. ಮಂಜು ಬೀಳುವ ದಿನಗಳು ಶುರುವಾದರೆ ಸೆರಗು ಸಿಕ್ಕಿಸಿ ಮಂಡಿಯೂರುತ್ತಿದ್ದರು. ಹಲಗೆ ಸಂದಿಯ ಎಲೆಗಳನ್ನು ಹಳೆಯ ಚಾಕುವಿನಿಂದ ಕೆದಕಿ ತೆಗೆಯುವರು. ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜುವರು. ಬಿಸಿಲಿಗೆ ಚೆನ್ನಾಗಿ ಒಣಗಿದ ಮೇಲೆಯೇ ಎಣ್ಣೆ.

“ಒದ್ದೆ ಮರಕ್ಕೆ ಎಣ್ಣೆ ಹಚ್ಚಿದ್ರೆ ನೀರನ್ನ ಒಳಗಿಟ್ಟು ಬೀಗ ಹಾಕಿದಂಗೆ ಕಣೇ” ಎನ್ನುತ್ತಿದ್ದರು.

ನಾನು ಹಳೇಬೀಡಿನ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಒಂದು ಸಂಜೆ ಅಲ್ಲಿಂದ ಬರುವಾಗ ಸ್ಕೂಟರಿನಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆದ ಮೇಲೆ ವಾಕರ್ ಹಿಡಿದು ನಡೆಯಲೇಬೇಕು ಎಂದರು ಡಾಕ್ಟರು. ನಮ್ಮ ಅಂಗಳದಲ್ಲಿ ಇಬ್ಬನಿಗೆ ಒದ್ದೆಯಾಗಿದ್ದ ಚಪ್ಪಡಿಯ ಮೇಲೆ ವಾಕರ್ ಜಾರಿತು. ಅಮ್ಮ ಹಿಡಿದುಕೊಳ್ಳದಿದ್ದರೆ ಮತ್ತೆ ಬೀಳುತ್ತಿದ್ದೆ. ಆಮೇಲೆ ನಾನು ಮಂಚ ಬಿಟ್ಟು ಏಳಲಿಲ್ಲ. ಸುದ್ದಿ ತಿಳಿದ ಮೇಡಂ ನೇರ ಕೋಣೆಗೇ ಬಂದರು.

“ಏಳೇ. ನನ್ನ ಡೆಕ್ ಮೇಲೆ ನಡಿ.”

“ಅಲ್ಲೂ ಜಾರಿದ್ರೆ ಮೇಡಂ?”

“ಜಾರೋ ಹಂಗೆ ನಾನು ಇಟ್ಟಿದ್ರೆ ತಾನೆ!”

ನಿಜಕ್ಕೂ ಜಾರಲಿಲ್ಲ. ನಾನು ಹೋಗುವಷ್ಟರಲ್ಲಿ ಮೇಡಂ ಇಬ್ಬನಿಯನ್ನು ಗೋಣಿತಾಟಿನಲ್ಲಿ ಒರೆಸಿರುತ್ತಿದ್ದರು. ಕಟಕಟೆಯ ಆಚೆ ನಿಂತು “ಎಡ, ಬಲ, ತಲೆ ಎತ್ತು!” ಎಂದು ಕೂಗುತ್ತಿದ್ದರು. ನನಗೆ ನಗುವೂ ಬರುತ್ತಿತ್ತು, ಧೈರ್ಯವೂ ಬರುತ್ತಿತ್ತು.

ಒಂದು ಬೆಳಿಗ್ಗೆ ನನ್ನನ್ನು ಬಾಗಿಲಲ್ಲೇ ತಡೆದರು. ಡೆಕ್ಕಿನಲ್ಲಿ ನಲ್ಲಿಯ ಪಕ್ಕದ ಹಲಗೆ ನೀರು ಕುಡಿದು ಅಡಿಯಿಂದ ಮೆತ್ತಗಾಗಿತ್ತು. ಬಡಗಿ ಸಂಕ್ರಾಂತಿ ಕಳೆಯಲಿ ಎಂದ. ಅಷ್ಟು ದಿನ ಕೂತರೆ ನನ್ನ ಕಾಲು ಬಿಗಿದುಹೋಗುತ್ತದೆಂದು ಮೇಡಂ ಕಾಯಲಿಲ್ಲ. ಅರಸೀಕೆರೆಯಲ್ಲಿ ಅವರ ಅಣ್ಣ ಹಳೆಯ ಅಟ್ಟ ಬಿಚ್ಚಿಸುತ್ತಿದ್ದರು. ಮೇಡಂ ಅಲ್ಲಿಗೇ ಹೋಗಿ ತೇಗದ ಹಲಗೆಯೊಂದನ್ನು ಬಸ್ಸಿನಲ್ಲಿ ಹೇರಿಕೊಂಡು ಬಂದರು. ಕಂಡಕ್ಟರ್ ಜೊತೆ ನಡೆದ ಜಗಳವನ್ನು ಆಮೇಲೆ ಅಭಿನಯಿಸಿಯೇ ತೋರಿಸಿದರು.

“‘ಇದನ್ನ ಎಲ್ಲಿ ಮಲಗಿಸ್ತೀರಮ್ಮ’ ಅಂದ. ‘ಮಲಗಿಸಲ್ಲ ಕಣಪ್ಪ, ನಿಲ್ಲಿಸ್ಕೊಂಡು ನಾನೇ ಹಿಡ್ಕೋತೀನಿ’ ಅಂದೆ. ಬೇಲೂರು ಬರೋವರೆಗೂ ತಬ್ಕೊಂಡೇ ನಿಂತಿದ್ದೆ!”

ಆ ಹಲಗೆಯನ್ನು ತಾವೇ ಕೊಯ್ದು, ಎಣ್ಣೆ ಕುಡಿಸಿ, ಸ್ಕ್ರೂ ಬಿಗಿದರು. ಎಣ್ಣೆ ಆರಿದ ಮೇಲೆ ನನ್ನನ್ನು ಕರೆದರು. ಹೊಸ ಹಲಗೆಯ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ವಾಕರನ್ನು ಪಕ್ಕಕ್ಕೆ ಎಳೆದುಕೊಂಡರು.

“ಮೇಡಂ!”

“ಇಲ್ಲೇ ಇದೀನಿ. ಬಾ.”

ನಡೆದೆ. ಎಡ, ಬಲ, ಮತ್ತೆ ಎಡ. ಕಟಕಟೆ ಕೈಗೆ ಸಿಕ್ಕಾಗ ಮೇಡಂ ಎಂಥಾ ಕೂಗು ಹಾಕಿದರೆಂದರೆ ಬೀದಿಯ ಜನ ಏನೋ ಅನಾಹುತವಾಯಿತೆಂದು ಓಡಿ ಬಂದರು. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಬಂದಳು. ಅವಳಿಗೆ ತೋರಿಸಲೆಂದು ಇನ್ನೊಂದು ಸಲ ನಡೆದೆ. ಎಲ್ಲರೂ ಚಪ್ಪಾಳೆ ಹೊಡೆದರು.

ಒಂದೆರಡು ವರ್ಷದ ಮೇಲೆ, ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಹೆಡ್‌ಮಾಸ್ಟರಿಗೆ ಹೇಳಿ ಹೊರಬಿದ್ದೆ. ಬಿದ್ದ ಮೇಲೆ ಸ್ಕೂಟರ್ ಬಿಟ್ಟಿದ್ದೆ. ಬೇಲೂರಿನ ಬಸ್ಸು ಆಗಲೇ ಹೊರಟಿತ್ತು. ಸೀರೆ ಎತ್ತಿಕಟ್ಟಿ ಅದರ ಹಿಂದೆ ಓಡಿದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ ನಿಲ್ಲಿಸಿದ. ಬಾಗಿಲ ಕಂಬಿ ಹಿಡಿದು ಮೇಲೆ ಹತ್ತುವಾಗಲೇ ನನಗೆ ತಿಳಿದದ್ದು: ಮುರಿದಿದ್ದ ಆ ಕಾಲಿನಲ್ಲಿ ನಾನು ಓಡಿದ್ದೆ.