ಹೊಳೆಯ ನೀರನ್ನು ಎತ್ತುವವರು ಯಾರು

ಎಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿಯಲ್ಲಿ ಬಿ.ಎಸ್‌ಸಿ. ಓದುವಾಗ, ಒಳ್ಳೆಯ ಪ್ರಾಧ್ಯಾಪಕರೆಂದರೆ ಒಳ್ಳೆಯ ನೋಟ್ಸ್ ಬರೆಸುವವರು. ಅವರು ಹೇಳುತ್ತ ಹೋಗುವುದು, ನಾವು ಬೆರಳು ಸೆಟೆಯುವ ತನಕ ಬರೆದುಕೊಳ್ಳುವುದು, ಪರೀಕ್ಷೆಯಲ್ಲಿ ಅದನ್ನೇ ಕಾರಿ ಬರುವುದು. ಆ ವರ್ಷ ಫಿಸಿಕ್ಸಿಗೆ ಬಂದ ನಿಪ್ಪಾಣಿ ಕಡೆಯ ಸರ್ ಮಾತ್ರ ಒಂದು ಸಾಲನ್ನೂ ಬರೆಸಲಿಲ್ಲ. ಪ್ರಶ್ನೆ ಕೇಳಿ, ಸೀಮೆಸುಣ್ಣದ ಖಡುವನ್ನು ಜೇಬಿಗಿಳಿಸಿ, ಕಿಟಕಿಯ ಹತ್ತಿರ ಹೋಗಿ ನಿಂತುಬಿಡುತ್ತಿದ್ದರು. ಯಾರಾದರೂ ಬಾಯಿ ಬಿಡುವ ತನಕ ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಫೇಲಾಗಿ ಎರಡನೆಯ ಸಲ ಮೊದಲ ವರ್ಷದಲ್ಲೇ ಕೂತವಳು ನಾನು. ನನ್ನನ್ನು ನೋಡಲು ರಾಯಬಾಗದಿಂದ ಗಂಡಿನ ಕಡೆಯವರು ಬರುವವರಿದ್ದರು. "ತಲಿಗೆ ಹತ್ತದ ವಿದ್ಯಾ ಎಷ್ಟ ಅಂತ ಕಲಸೂದು?" ಎಂದು ಅಪ್ಪ ಹೇಳಿಯೂ ಆಗಿತ್ತು. ಕಾಲೇಜು ಬಿಡುವುದೆಂದರೆ ನನಗೆ ಜೀವ ಬಿಟ್ಟಂತೆ. ಇಂಥದ್ದರಲ್ಲಿ ಈ ಪುಣ್ಯಾತ್ಮ ಕಿಟಕಿ ನೋಡುತ್ತಾನೆ!

ತಡೆಯಲಾರದೆ ಒಂದು ದಿನ ಕ್ಲಾಸಿನಲ್ಲೇ ಎದ್ದುನಿಂತೆ. "ನೋಟ್ಸ್ ಯಾವಾಗ ಕೊಡ್ತೀರಿ ಸರ್?"

ಸರ್ ಸಿಟ್ಟಾಗಲಿಲ್ಲ. "ಯಾವೂರವಾ ನಿಂದು?"

"ಯಡೂರ್ರಿ."

"ಹೊಳಿ ದಂಡಿ ಊರು. ಬ್ಯಾಸಗ್ಯಾಗ ನಿಮ್ಮಪ್ಪಾರು ಹೊಲಕ್ಕ ನೀರು ಬಿಡೂ ಇಂಜನ್ ಎಲ್ಲಿ ಇಡ್ತಾರ?"

"ನೀರು ಇಳದಂಗ ಕೆಳಗ ಒಯ್ತಾರ್ರಿ. ಮ್ಯಾಲೇ ಇಟ್ರ ನೀರು ಹಿಡಿಯೂದಿಲ್ಲ. ಇಂಜನ್‌ಗೆ ತಾಕತ್ತು ಸಾಲೂದಿಲ್ರಿ."

"ಮತ್ತ ದೊಡ್ಡ ಇಂಜನ್ ತರಬೇಕಿಲ್ಲೋ?"

ಹೊಳೆಸಾಲಿನ ಹುಡುಗರು ಗೊಳ್ಳೆಂದು ನಕ್ಕರು. ಅದನ್ನು ನಮ್ಮ ಕಾಕಾ ಮಾಡಿ ನೋಡಿದ್ದ. ಇಳಿಸುವ ರಗಳೆಯೇ ಬೇಡವೆಂದು ದೊಡ್ಡ ಇಂಜಿನ್ ತಂದು ದಂಡೆಯ ಮೇಲೆ ಕೂರಿಸಿದ್ದ. ಊರೆಲ್ಲ ಕೇಳುವ ಹಾಗೆ ಅದು ಗುಡುಗಿತು, ಒಂದು ತಂಬಿಗೆ ನೀರು ಬರಲಿಲ್ಲ. ನಾನು ಅದನ್ನೇ ಹೇಳಿದೆ.

"ಹಂಗಾರ ನೀರು ಎತ್ತಾವರು ಯಾರು?" ಎಂದು ಕೇಳಿ ಸರ್ ಕಿಟಕಿಗೆ ಹೋದರು. ಗಂಟೆ ಹೊಡೆಯಿತು. ಉತ್ತರ ಹೇಳದೆಯೇ ಹೊರಟುಹೋದರು!

ಮರುದಿನ ಮತ್ತೆ ಅದೇ ಪ್ರಶ್ನೆ. ಮುಂದಿನ ಬೆಂಚಿನವನೊಬ್ಬ ಪುಸ್ತಕದ ಮಾತನ್ನು ಗಿಳಿಯಂತೆ ಒಪ್ಪಿಸಿದ. "ವಾತಾವರಣದ ಒತ್ತಡ, ಸರ್."

"ಬರೋಬ್ಬರಿ. ಅದು ಎಲ್ಲಿ ಕುಂತೈತಿ?"

ಎಲ್ಲಿ ಕೂತಿದೆ? ನನಗೆ ನಮ್ಮ ಹೊಳೆಯೇ ಕಣ್ಣಮುಂದೆ ಬಂತು. "ಹೊಳಿ ಮ್ಯಾಲ, ಸರ್" ಎಂದೆ. ಹೇಳುತ್ತಿದ್ದಂತೆ ಉಳಿದದ್ದೂ ತಾನಾಗಿ ಬಿಚ್ಚಿಕೊಂಡಿತು. ಇಂಜಿನ್ನು ಪೈಪಿನೊಳಗಿನ ಗಾಳಿಯನ್ನಷ್ಟೇ ತೆಗೆಯುತ್ತದೆ. ಆ ಖಾಲಿ ಜಾಗಕ್ಕೆ ನೀರನ್ನು ನೂಕುವುದು ಹೊಳೆಯ ಮೇಲೆ ಕೂತ ಗಾಳಿ. ಒಂದು ಎತ್ತರಕ್ಕೆ ಅದರ ಶಕ್ತಿ ಮುಗಿಯಿತೆಂದರೆ ಮುಗಿಯಿತು, ಎಂಥ ಇಂಜಿನ್ ತಂದರೂ ಅಷ್ಟೇ. ಅಬ್ಬಾ! ಹುಟ್ಟಿದಾಗಿನಿಂದ ಈಜಿದ ಹೊಳೆಯ ಮೇಲೆ ಮುಗಿಲಿನಷ್ಟು ಗಾಳಿ ಕೂತಿತ್ತು, ನಾನು ಅದರಡಿಯಲ್ಲೇ ಓಡಾಡಿಕೊಂಡಿದ್ದೆ. ಸರ್ ಉತ್ತರದ ಒಂದಕ್ಷರವನ್ನೂ ಹೇಳಿರಲಿಲ್ಲ. ಪುಸ್ತಕದ ಆ ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ನನಗೇ ಹೊಳೆದಿತ್ತು. ನನ್ನ ತಲೆಯೊಳಗೆ ಇಷ್ಟೆಲ್ಲ ಇತ್ತೇ ಎಂದು ನನಗೇ ಬೆರಗು.

ಸಂಜೆ ಬಸ್ಸಿಳಿದವಳೇ ಹೊಳೆದಂಡೆಗೆ ಓಡಿದೆ. ಅಪ್ಪ ಇಂಜಿನ್ ಒರೆಸುತ್ತಿದ್ದ.

"ಅಪ್ಪಾ, ಇಂಜನ್ ನೀರು ಎಳಿಯೂದಿಲ್ಲ."

"ಹುಚ್ಚು ಹಿಡದೈತೇನ ಬೇ ನಿನಗ?"

"ಹಂಗಾರ ಕಾಕಾನ ದೊಡ್ಡ ಇಂಜನ್ ಯಾಕ ಎಳಿಲಿಲ್ಲ?"

ಹೇಳಿಬಿಡಬೇಕೆಂದು ಬಾಯಿ ತುರಿಸುತ್ತಿತ್ತು. ಸರ್ ಮಾಡಿದಂತೆಯೇ ಬಿಗಿಹಿಡಿದು ಸುಮ್ಮನೆ ನಿಂತೆ. ಅಪ್ಪ ಪೈಪನ್ನು ನೋಡಿದ, ಹೊಳೆಯನ್ನು ನೋಡಿದ.

"ಎಳಿಯೂದಿಲ್ಲಂದ್ರ... ಹೊಳಿನ ಯಾರರೆ ಮ್ಯಾಲಿಂದ ಒತ್ತಬೇಕಲಾ?"

"ಗಾಳಿ, ಅಪ್ಪಾ" ಎಂದು ಉಳಿದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅಪ್ಪ ಒಮ್ಮೆ ಮೇಲೆ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಇನ್ನಾ ಎಷ್ಟ ವರ್ಷ ಐತಿ ನಿಂದು ಕಲಿಯೂದು?"

"ಇದು ಮುಗದ ಮ್ಯಾಲ ಎರಡು."

ಅಪ್ಪ ನೀರಿಗಿಳಿದು ಕೈ ತೊಳೆದುಕೊಂಡ. "ರಾಯಬಾಗದವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ತೀನಿ" ಎಂದ.